ಟೆಂಟಿಗೆ ಇಪ್ಪತ್ತು ಗುಂಟೆ ಕೊಡಿ: ಪ್ರವಾಸೋದ್ಯಮ ಮತ್ತು ಅರಣ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು ಹಾಗೂ ಅರಣ್ಯ ಸಚಿವರು, ಕರ್ನಾಟಕ ಸರ್ಕಾರ
ಉತ್ತರ ಕನ್ನಡ, ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲಾಧಿಕಾರಿಗಳು

ಮಾನ್ಯರೇ,

ಶನಿವಾರ ಮಧ್ಯಾಹ್ನ ಎರಡರ ಹೊತ್ತಿಗೆ ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಕಲಘಟಗಿ ಕಡೆ ಮುಖ ಮಾಡಿದ ಗಾಡಿಗಳ ಹಿಂದಿನ ಗಾಜಿನಲ್ಲಿ ಸುತ್ತಿಟ್ಟ ಟೆಂಟು, ಚಾಪೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು ಕಾಣುತ್ತವೆ. ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಲು 130 ಚಿಲ್ಲರೆ ಕಿಲೋಮೀಟರ್. ಘಟ್ಟದಲ್ಲಿ ಲಾರಿಗಳ ಹಿಂದೆ ತೆವಳಿ, ನಡುವೆ ಒಂದು ಚಹಾ ಕುಡಿದು ಕಡಲ ದಂಡೆಗೆ ಕಾಲಿಡುವಾಗ ಸಂಜೆ ಆರು. (ವರ್ಷಗಳಿಂದ ನನೆಗುದಿಗೆ ಬಿದ್ದ ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಇಲ್ಲಿ ಎತ್ತುವುದಿಲ್ಲ, ಪತ್ರ ಮುಗಿಯಲಿಕ್ಕಿಲ್ಲ.) ಹೀಗೆ ಹೋಗುವವರಲ್ಲಿ ಹೆಚ್ಚಿನವರು ರೆಸಾರ್ಟಿನವರಲ್ಲ. ಕಾಲೇಜು ಹುಡುಗರು, ಬ್ಯಾಂಕಿನವರು, ಮಾಸ್ತರು, ಎರಡು ಮಕ್ಕಳ ಸಂಸಾರ. ಒಂದು ರಾತ್ರಿ ಟೆಂಟಿನಲ್ಲಿ ಮಲಗಿ ಭಾನುವಾರ ಊಟದ ಹೊತ್ತಿಗೆ ವಾಪಸು ಹೊರಡುವ ಮಂದಿ.

ಇವರಿಗೆ ಕಾನೂನುಬದ್ಧವಾಗಿ ಟೆಂಟ್ ಹಾಕಲು ಜಾಗ ಎಲ್ಲಿದೆ ಎಂದು ಕೇಳಿದರೆ ಉತ್ತರ ಕೊಡುವವರು ಸಿಗುವುದಿಲ್ಲ. ಉಳಿಯುವುದು ಮೂರು ದಾರಿ: ಹೋಟೆಲ್ ರೂಮಿನ ಬಾಡಿಗೆಗೆ ಟೆಂಟ್ ಕೊಡುವ ಖಾಸಗಿ ಜಾಗ, ಯಾರದೋ ತೆಂಗಿನ ತೋಟದಲ್ಲಿ ಕೈಗೆ ಇನ್ನೂರು ಕೊಟ್ಟು ಮಲಗುವುದು, ಇಲ್ಲವೇ ನೇರವಾಗಿ ಮರಳಿನ ಮೇಲೆ. ಮೂರನೆಯದನ್ನು ಆರಿಸಿದವರನ್ನು ರಾತ್ರಿ ಒಂದು ಗಂಟೆಗೆ ಲಾಠಿ ತಟ್ಟಿ ಎಬ್ಬಿಸುತ್ತಾರೆ. ಎಬ್ಬಿಸುವವರದು ತಪ್ಪೆನ್ನಲಾಗದು, ಆ ಜಾಗ ನಿಜಕ್ಕೂ ಅಪಾಯದ್ದು. ಆದರೆ ಆ ಹೊತ್ತಿನಲ್ಲಿ ನಿದ್ದೆಗಣ್ಣಿನವನನ್ನು ಘಟ್ಟದ ರಸ್ತೆಗೆ ಅಟ್ಟುವುದು ಅದಕ್ಕಿಂತ ಅಪಾಯ. "ಇಲ್ಲಿ ಬೇಡ" ಎನ್ನುವ ಫಲಕ ಎಲ್ಲ ಕಡೆ ಇದೆ, "ಅಲ್ಲಿ ಹಾಕಿ" ಎನ್ನುವ ಬಾಣ ಒಂದೂ ಇಲ್ಲ. ನಮ್ಮ ಬೇಡಿಕೆ ಆ ಬಾಣದ್ದು: ಕರಾವಳಿಯಲ್ಲಿ, ಘಟ್ಟದ ಮೇಲೆ, ನಮ್ಮ ಬಯಲುಸೀಮೆಯಲ್ಲಿ ಐದಾರು ಕಡೆ ತಲಾ ಇಪ್ಪತ್ತು ಗುಂಟೆ, ಅಂದರೆ ಅರ್ಧ ಎಕರೆ.

ಮರಳಿನ ಮೇಲೆ ಏಕೆ ಬೇಡ ಎಂಬುದನ್ನು ಮೊದಲು ಬಿಡಿಸಿ ಹೇಳುತ್ತೇವೆ. ಟೆಂಟ್ ಹಾಕುವವರಿಗೂ, ಫಲಕ ಬರೆಸುವವರಿಗೂ ಇದು ಸರಿಯಾಗಿ ತಿಳಿದಂತಿಲ್ಲ.

ನಮ್ಮ ಕಡೆಯವರು ಕಡಲಿಗೆ ಹೋಗಲು ಆರಿಸುವುದು ಹುಣ್ಣಿಮೆಯ ವಾರಾಂತ್ಯ. ಬೆಳದಿಂಗಳಲ್ಲಿ ತೆರೆ ನೋಡಬೇಕೆಂಬ ಆಸೆ. ಎಡವಟ್ಟು ಇರುವುದು ಇಲ್ಲೇ. ಕಾರವಾರದಿಂದ ಭಟ್ಕಳದವರೆಗಿನ ದಂಡೆಗೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ತುದಿ ಮುಟ್ಟುವುದು ನಡುಹಗಲು ಮತ್ತು ನಡುರಾತ್ರಿಯ ಸುತ್ತಮುತ್ತ. ಹಾಗಾಗಿ ಸಂಜೆ ಆರಕ್ಕೆ ನೀರು ಪೂರ್ತಿ ಕೆಳಗಿಳಿದಿರುತ್ತದೆ. ಹುಬ್ಬಳ್ಳಿಯಿಂದ ದಣಿದು ಬಂದವನ ಕಣ್ಣಿಗೆ ಬೀಳುವುದು ಆ ತಿಂಗಳಲ್ಲೇ ಅತಿ ಅಗಲವಾದ ದಂಡೆ: ಗಟ್ಟಿ, ಸಪಾಟು, ಕ್ರಿಕೆಟ್ ಆಡುವಷ್ಟು ಚಂದ. ಟೆಂಟನ್ನು ಅಲ್ಲೇ ಹೂಡುತ್ತಾನೆ, ಬಾಗಿಲು ಕಡಲಿಗೆ. ಆ ದಿನಗಳಲ್ಲಿ ನೀರಿನ ಮಟ್ಟ ಇಳಿತದಿಂದ ಉಬ್ಬರಕ್ಕೆ ಸುಮಾರು ಒಂದೂವರೆ ಮೀಟರ್ ಏರುತ್ತದೆ. ಎತ್ತರದಲ್ಲಿ ಅದು ಹುಡುಗನ ಕುತ್ತಿಗೆಯಷ್ಟೇ, ನಿಜ. ಆದರೆ ಮೂವತ್ತು ಮೀಟರ್ ನಡೆದರೆ ಒಂದು ಮೀಟರ್ ಏರುವ ಇಳಿಜಾರು ದಂಡೆಯಲ್ಲಿ ಆ ಒಂದೂವರೆ ಮೀಟರ್ ನೀರು 45 ಮೀಟರ್ ಒಳಗೆ ಬರುತ್ತದೆ. ಹನ್ನೊಂದು ಗಂಟೆಗೆ ಮೊದಲು ಚಾಪೆಯ ಅಂಚು ಒದ್ದೆ, ಹನ್ನೆರಡಕ್ಕೆ ಗೂಟ ಕಿತ್ತು ಬರುತ್ತದೆ. ಬೂಟು, ಮೊಬೈಲು, ಗಾಡಿಯ ಕೀಲಿ ಕತ್ತಲಲ್ಲಿ ನೀರುಪಾಲಾಗುತ್ತವೆ.

ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಅಷ್ಟಮಿ, ನವಮಿಯ ಹೊತ್ತಿಗೆ ಅದು ಸಂಜೆ ಆರರ ಸುಮಾರಿಗೆ ಬರುತ್ತದೆ, ಏರಿಕೆಯೂ ಕಡಿಮೆ. ಅಂದು ಬಂದವನಿಗೆ ಕಡಲು ತನ್ನ ಗೆರೆಯನ್ನು ಕಣ್ಣೆದುರೇ ತೋರಿಸಿಬಿಡುತ್ತದೆ. ಪಂಚಾಂಗ ನೋಡಿ ಹೊರಡುವ ನಮ್ಮ ಮಂದಿಗೆ ಇಷ್ಟು ಹೇಳಿದರೆ ಸಾಕು, ತಿಳಿಯುತ್ತದೆ. ಮೀನುಗಾರರ ಮನೆಯ ಸಣ್ಣ ಹುಡುಗನಿಗೂ ಗೊತ್ತಿರುವ ಲೆಕ್ಕ ಇದು.

ಗೆರೆ ಓದಲು ಇನ್ನೆರಡು ಗುರುತುಗಳಿವೆ. ಒಣಗಿದ ಪಾಚಿ, ಕಡ್ಡಿ, ಚಿಪ್ಪು, ಬಾಟಲಿಯ ಮುಚ್ಚಳ ಸಾಲಾಗಿ ಬಿದ್ದ ಪಟ್ಟಿ ಹಿಂದಿನ ಉಬ್ಬರದ ಗಡಿ. ಒಂದಕ್ಕಿಂತ ಹೆಚ್ಚು ಪಟ್ಟಿ ಇದ್ದರೆ ಎಲ್ಲಕ್ಕೂ ಮೇಲಿನದನ್ನು ನಂಬಬೇಕು. ಎರಡನೆಯದು ಅಡುಂಬು ಬಳ್ಳಿ, ನೇರಳೆ ಹೂವಿನದು. ಅದು ಹಬ್ಬಿದ ಕಡೆ ಉಪ್ಪುನೀರು ದಿನಾ ಬರುವುದಿಲ್ಲ. ಹಾಗೆಂದು ಆ ಬಳ್ಳಿಯ ಮೇಲೆಯೇ ಟೆಂಟ್ ಹಾಸಬಾರದು. ಮರಳ ದಿಬ್ಬವನ್ನು ಹಿಡಿದಿಟ್ಟಿರುವುದೇ ಅದರ ಬೇರು. ನಾಲ್ಕು ಶನಿವಾರ ತುಳಿದರೆ ಬಳ್ಳಿ ಸಾಯುತ್ತದೆ, ಮುಂದಿನ ಮಳೆಗಾಲಕ್ಕೆ ದಿಬ್ಬ ಕೊಚ್ಚಿಹೋಗುತ್ತದೆ.

ಇನ್ನೊಂದು ತೊಡಕು ಮೇಲ್ನೋಟಕ್ಕೆ ಕಾಣುವುದಿಲ್ಲ. ಟೆಂಟಿನ ಜೊತೆ ಬರುವ ಏಳು ಇಂಚಿನ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ, ಮೊದಲ ಗಾಳಿಗೇ ಎದ್ದು ಬರುತ್ತದೆ. ಅದಕ್ಕೆ ಬಲ್ಲವರು ಮೂಲೆಗೊಂದು ಕೈಚೀಲದಲ್ಲಿ ಐದು ಕಿಲೋ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳದಲ್ಲಿ ಹೂತು ಮೇಲೆ ತುಳಿಯುತ್ತಾರೆ. ಎಂಥ ಗಾಳಿಗೂ ಅದು ಜಗ್ಗುವುದಿಲ್ಲ. ಆದರೆ ಆಲಿವ್ ರಿಡ್ಲಿ ಕಡಲಾಮೆ ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚುವುದೂ ಇದೇ ದಿಬ್ಬದ ಬುಡದಲ್ಲಿ, ಇದೇ ಒಂದೂವರೆ ಅಡಿ ಆಳದಲ್ಲಿ, ನಾವು ಟೆಂಟ್ ಹೊತ್ತು ಬರುವ ಚಳಿಗಾಲ, ಬೇಸಿಗೆಯ ತಿಂಗಳುಗಳಲ್ಲೇ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಮರಿ ಹೊರಬಂದ ರಾತ್ರಿ ದಂಡೆಯ ಮೇಲೆ ಬಿಳಿ ಎಲ್‌ಇಡಿ ಲಾಟೀನು ಉರಿಯುತ್ತಿದ್ದರೆ ಅದು ಕಡಲು ಬಿಟ್ಟು ಬೆಳಕಿನ ಕಡೆ ತೆವಳುತ್ತದೆ. ಟೆಂಟನ್ನು ಚೆನ್ನಾಗಿ ಕಟ್ಟಿದಷ್ಟೂ ಆಮೆಗೆ ಕೇಡು. ಆದ್ದರಿಂದ ಮರಳಿನ ಮೇಲೆ ಟೆಂಟ್ ಬೇಡವೆಂದು ನಾವೇ ಹೇಳುತ್ತೇವೆ. ದಿಬ್ಬದ ಹಿಂದೆ, ಗಾಳಿಮರದ ಸಾಲಿನ ಆಚೆ, ಮಣ್ಣಿರುವ ಕಡೆ ಜಾಗ ಕೊಡಿ ಎನ್ನುವುದು ಅದಕ್ಕೇ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೂ ಶೌಚಾಲಯ, ಕುಡಿಯುವ ನೀರು, ಬಟ್ಟೆ ಬದಲಿಸುವ ಕೋಣೆಯಂಥ ತಾತ್ಕಾಲಿಕ ಪ್ರವಾಸಿ ಸೌಲಭ್ಯಗಳಿಗೆ ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಟ್ಟು, ಅನುಮೋದಿತ ಯೋಜನೆಯ ಪ್ರಕಾರ ಅವಕಾಶ ಕೊಟ್ಟಿದೆ. ಕಾನೂನು ಪೂರ್ತಿ ಅಡ್ಡ ಬಂದಿಲ್ಲ.

ಇಪ್ಪತ್ತು ಗುಂಟೆ ಏಕೆ ಎಂಬ ಲೆಕ್ಕ ಹೀಗಿದೆ. ಮೂರು ಮಂದಿಯ ಟೆಂಟಿನ ಬುಡ ಏಳಡಿಗೆ ಏಳಡಿ. ಸುತ್ತ ಹಗ್ಗ ಎಳೆದು ಕಟ್ಟಲು ಮೂರು ಮೂರು ಅಡಿ ಸೇರಿಸಿದರೆ ಹದಿಮೂರು. ಒಂದು ಟೆಂಟಿಗೆ ಬೆಂಕಿ ಹತ್ತಿದರೆ ಪಕ್ಕದ್ದಕ್ಕೆ ಹಾರದಂತೆ ಹನ್ನೆರಡು ಅಡಿ ಅಂತರ. ಹೀಗೆ ಒಂದಕ್ಕೆ 25 × 25 ಅಡಿ, ಇಪ್ಪತ್ತು ಟೆಂಟಿಗೆ 12,500 ಚದರ ಅಡಿ, ಅಂದರೆ ಹನ್ನೊಂದೂವರೆ ಗುಂಟೆ. ಉಳಿದ ಎಂಟೂವರೆ ಗುಂಟೆಯಲ್ಲಿ ಗಾಡಿ ನಿಲ್ಲಿಸಲು, ಶೌಚಾಲಯಕ್ಕೆ, ಅಡುಗೆ ಚಪ್ಪರಕ್ಕೆ. ಗಾಡಿ ಗೇಟಿನ ಹತ್ತಿರವೇ ನಿಲ್ಲಬೇಕು, ಟೆಂಟಿನ ಪಕ್ಕ ತರಲು ಬಿಟ್ಟರೆ ರಾತ್ರಿ ಹನ್ನೆರಡರವರೆಗೆ ಹೆಡ್‌ಲೈಟು, ಹಾಡು ತಪ್ಪಿದ್ದಲ್ಲ.

ನೆಲವನ್ನು ಸಮ ಮಾಡಿಸುವಾಗ ಕಂತ್ರಾಟುದಾರರು ಪೇವರ್ ಕಲ್ಲು ಹಾಸಿಬಿಡುತ್ತಾರೆ. ದಯವಿಟ್ಟು ಬೇಡ. ಪೇವರಿನಲ್ಲಿ ಗೂಟ ಇಳಿಯುವುದಿಲ್ಲ, ಮಳೆ ಹನಿದರೆ ನೀರು ಟೆಂಟಿನ ಅಡಿಯಲ್ಲೇ ನಿಲ್ಲುತ್ತದೆ. ಬೇಕಾದದ್ದು ಒಂದೇ ಕಡೆಗೆ ನೂರಕ್ಕೆ ಎರಡರಷ್ಟು ಇಳಿಜಾರಿರುವ, ಒಂದಡಿ ಆಳದವರೆಗೆ ಮೆತ್ತಗಿನ ಮಣ್ಣು. ಕರಾವಳಿಯ ಚಿರೇಕಲ್ಲಿನ ನೆಲದಲ್ಲಿ ಅಲ್ಯುಮಿನಿಯಂ ಗೂಟ ಬಾಗುತ್ತದೆ. ಅಂಥ ಕಡೆ ಪ್ರತಿ ಟೆಂಟಿನ ಜಾಗದ ನಾಲ್ಕು ಮೂಲೆಗೆ, ಎರಡು ಬದಿಗೆ ಒಂದೊಂದರಂತೆ ಆರು ಕಬ್ಬಿಣದ ಬಳೆ ಹೂಳಿಸಿ. ಆರು ಬಳೆಗೆ ಬೇಕಾದದ್ದು ಒಂದು ಬುಟ್ಟಿ ಕಾಂಕ್ರೀಟು.

ನೀರು: ಅರವತ್ತು ಮಂದಿಗೆ ಕುಡಿಯಲು, ಅಡುಗೆಗೆ, ಶೌಚಕ್ಕೆ ತಲಾ 25 ಲೀಟರ್ ಹಿಡಿದರೆ 1,500. ಕಡಲಿನಲ್ಲಿ ಆಡಿ ಬಂದವರು ಮೈ ತೊಳೆಯದೆ ಮಲಗಲಾರರು, ಅದಕ್ಕೆ ತಲಾ 20. ಒಟ್ಟು 2,700 ಲೀಟರ್. 2,000 ಲೀಟರಿನ ಎರಡು ಸಿಂಟೆಕ್ಸ್ ಇಟ್ಟರೆ ಕರೆಂಟು ಹೋದ ದಿನವೂ ನಡೆಯುತ್ತದೆ. ಶೌಚಾಲಯ ಹದಿನೈದು ಮಂದಿಗೆ ಒಂದರಂತೆ ನಾಲ್ಕು. ಬಯಲುಸೀಮೆಯಲ್ಲಿ ಎರಡು ಗುಂಡಿಯ ಪದ್ಧತಿ ಸರಿ. ಕಡಲ ತೀರದಲ್ಲಿ ಅದೇ ನಕ್ಷೆ ಹಾಕಿದರೆ ಅನಾಹುತ. ಮರಳು ನೆಲದಲ್ಲಿ ಅಂತರ್ಜಲ ಮೇಲೆಯೇ ಇರುತ್ತದೆ, ಗುಂಡಿಯ ಹೊಲಸು ಪಕ್ಕದ ಮನೆಯ ಬಾವಿಗೆ ಸೇರುತ್ತದೆ. ಅಲ್ಲಿ ಸೋರದ ಮುಚ್ಚಿದ ಟ್ಯಾಂಕೇ ಬೇಕು, ತುಂಬಿದಾಗ ಸಕ್ಕಿಂಗ್ ಮಷೀನಿನ ಗಾಡಿ ಬಂದು ಖಾಲಿ ಮಾಡಬೇಕು. ಟೆಂಟಿನವರು ಬಂದರೆ ಊರವರು ಬೈಯುವುದು ಬಹುಪಾಲು ಈ ಒಂದು ಕಾರಣಕ್ಕೆ, ಬೈಗುಳ ನ್ಯಾಯವಾದದ್ದೇ. ಇಲಾಖೆ ಮನಸ್ಸು ಮಾಡಿದರೆ ದಂಡೆಯಲ್ಲಿ ಶೌಚಾಲಯ ಶುಚಿಯಾಗಿ ಇಡಬಲ್ಲುದು ಎಂಬುದಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಸ್ವಚ್ಛ ಕಡಲತೀರದ ಮಾನ್ಯತೆ ಪಡೆದ ಹೊನ್ನಾವರದ ಕಾಸರಕೋಡು ಕಣ್ಣೆದುರಿಗಿದೆ.

ಅಡುಗೆಗೆ ಮೂರು ಕಡೆ ಗೋಡೆ, ಮೇಲೆ ತಗಡು, ಸೊಂಟದೆತ್ತರದ ಚಿರೇಕಲ್ಲಿನ ಕಟ್ಟೆ ಇರುವ ಒಂದು ಚಪ್ಪರ ಸಾಕು. ಗೋಡೆ ಶೋಕಿಗಲ್ಲ. 230 ಗ್ರಾಂ ಗ್ಯಾಸ್ ಡಬ್ಬಿ ಗಾಳಿಯಿಲ್ಲದ ಕಡೆ ಪೂರ್ತಿ ಉರಿಯಲ್ಲಿ ಸುಮಾರು ಒಂದೂವರೆ ತಾಸು ಬರುತ್ತದೆ, ಬಯಲಿನ ಗಾಳಿಗೆ ಅದರ ಅರ್ಧ ಆಕಾಶ ಕಾಯಿಸಿಯೇ ಮುಗಿಯುತ್ತದೆ. ಗಾಳಿ ತಾಳಲಾರದೆ ಜನ ಒಲೆಯನ್ನು ಟೆಂಟಿನೊಳಗೆ ತರುತ್ತಾರೆ, ಅಪಾಯ ಶುರುವಾಗುವುದು ಅಲ್ಲಿ. ನೈಲಾನು ಕ್ಷಣದಲ್ಲಿ ಕರಗಿ ಮೈಗೆ ಅಂಟುತ್ತದೆ. ಚಳಿಗೆಂದು ಇದ್ದಲಿ ಶೇಗಡಿ ಒಳಗಿಟ್ಟು ಚೈನು ಎಳೆದುಕೊಂಡರೆ ವಾಸನೆಯೇ ಇಲ್ಲದ ವಿಷಾನಿಲ ತುಂಬಿ, ಮಲಗಿದವರು ಏಳುವುದಿಲ್ಲ. ಬಸ್ಸಿನಲ್ಲಿ ಬರುವವರು ಗ್ಯಾಸ್ ಡಬ್ಬಿ ತರುವಂತಿಲ್ಲ, ತರಬಾರದು ಕೂಡ. ಅವರಿಗೆ ಅಲ್ಲೇ ಒಲೆ ಬಾಡಿಗೆಗೆ ಸಿಗುವಂತಾಗಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಗಡಿಗೆ ಮೊಸರು ಕಟ್ಟಿಕೊಂಡು ಬಂದವರಿಗೆ ಒಲೆಯ ಗೊಡವೆಯೇ ಇಲ್ಲ ಅನ್ನಿ. ಬೆಂಕಿ ಬೇಡದ ಬುತ್ತಿ ಕಟ್ಟುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸಿದವರನ್ನು ನಾವು ಕಂಡಿಲ್ಲ.

ಗಾಳಿ, ಇಬ್ಬನಿಯ ವಿಷಯ ಬೇಗ ಮುಗಿಸುತ್ತೇವೆ. ಸಂಜೆಯವರೆಗೆ ಗಾಳಿ ಕಡಲಿನಿಂದ, ನಡುರಾತ್ರಿ ದಾಟಿದ ಮೇಲೆ ನೆಲದಿಂದ ಕಡಲಿಗೆ. ಜಾಗಗಳನ್ನು ಪೂರ್ವ–ಪಶ್ಚಿಮವಾಗಿ ಗುರುತಿಸಿದರೆ ಟೆಂಟಿನ ಕಿರಿದಾದ ಬದಿಯೇ ಎರಡೂ ಗಾಳಿಗೆ ಎದುರಾಗುತ್ತದೆ. ಬೆಳಿಗ್ಗೆ ಒಳಗೆಲ್ಲ ನೀರು ಹನಿದರೆ ಟೆಂಟ್ ಸೋರಿತೆಂದು ಅಂಗಡಿಯವನನ್ನು ಬೈಯುವುದು ರೂಢಿ. ಹನಿಯುವುದು ಮಲಗಿದವರ ಉಸಿರೇ, ಮೇಲಿನ ಕಿಂಡಿ ತೆರೆದಿಟ್ಟರೆ ಸಾಕು. ತೆಂಗಿನ ಮರದಡಿ ಜಾಗ ಗುರುತಿಸಬೇಡಿ, ಗಾಳಿಮರದ ಒಣ ಕೊಂಬೆಗಳನ್ನು ಅಕ್ಟೋಬರಿನಲ್ಲಿ ಕಡಿಸಿ. ಕರಾವಳಿಯ ದೀಪಗಳು ಮೊಣಕಾಲೆತ್ತರದವು, ಹಳದಿ-ಕೆಂಪು ಬಣ್ಣದವು, ನೆಲಕ್ಕೆ ಮುಖ ಮಾಡಿದವು ಆಗಲಿ, ಆಮೆಯ ಕಾರಣಕ್ಕೆ.

ಎಲ್ಲಿ ಎಂಬ ಪ್ರಶ್ನೆಗೆ ನಮ್ಮ ಅಭಿಪ್ರಾಯ ಇದು. ಗೋಕರ್ಣದ ಕುಡ್ಲೆ, ಓಂ ದಂಡೆಗಳಲ್ಲಿ ಹಿಂದೆ ಗುಡ್ಡ, ಮುಂದೆ ನೀರು, ನಡುವೆ ಈಗಿರುವ ಕಟ್ಟಡಗಳಿಗೇ ಇಕ್ಕಟ್ಟು, ಅಲ್ಲಿ ಬೇಡ. ಹಾಫ್ ಮೂನ್, ಪ್ಯಾರಡೈಸ್ ನೋಡಲು ಸ್ವರ್ಗವೇ, ಆದರೆ ಬಂಡೆಯ ಕಾಲುದಾರಿ ಅಥವಾ ದೋಣಿ ಬಿಟ್ಟರೆ ದಾರಿಯಿಲ್ಲ. ರಾತ್ರಿ ಒಬ್ಬರಿಗೆ ಹಾವು ಕಚ್ಚಿದರೆ ಹೊತ್ತು ತರುವವರಿಲ್ಲ. ಅಂಕೋಲಾದ ನದಿಭಾಗ, ಕುಮಟಾದ ಧಾರೇಶ್ವರದಂಥ ಉದ್ದನೆಯ ದಂಡೆಗಳ ಹಿಂದೆ, ಊರಿಗೆ ಹತ್ತಿರದಲ್ಲಿ, ಆಂಬುಲೆನ್ಸ್ ಬರುವ ರಸ್ತೆಯ ಪಕ್ಕ ಜಾಗ ಹುಡುಕುವುದು ಒಳ್ಳೆಯದು. ನದಿ ಕಡಲಿಗೆ ಸೇರುವ ಮರಳ ನಾಲಿಗೆಯನ್ನು ಮಾತ್ರ ಬಿಡಿ. ಆಕಾರ ಪ್ರತಿ ಮಳೆಗಾಲಕ್ಕೂ ಬದಲಾಗುತ್ತದೆ, ಸೆಳೆತವೂ ಜೋರು.

ಸೆಳೆತದ ಬಗ್ಗೆ ಫಲಕದಲ್ಲಿ "ಅಪಾಯ, ನೀರಿಗಿಳಿಯಬೇಡಿ" ಎಂದಷ್ಟೇ ಬರೆಸಿ ಉಪಯೋಗವಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ತೆರೆ ಒಡೆಯದೆ ನೀರು ಶಾಂತವಾಗಿ, ಕಪ್ಪಾಗಿ ಕಾಣುವ ಕಿರಿದಾದ ಪಟ್ಟಿಯೇ ನೀರು ಹಿಂದಕ್ಕೆ ಓಡುವ ಕಾಲುವೆ. ಬಯಲುಸೀಮೆಯವರು ಶಾಂತವಾಗಿದೆ ಎಂದು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡವರು ದಂಡೆಯ ಕಡೆ ಈಜಿ ಸುಸ್ತಾಗಬಾರದು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಒಂದು ಚಿತ್ರ, ಎರಡು ಬಾಣ ಇರುವ ಫಲಕ ಸಾಕು. ಪಕ್ಕದಲ್ಲೇ ಆ ವಾರದ ಉಬ್ಬರದ ವೇಳೆಯನ್ನು ಸೀಮೆಸುಣ್ಣದಲ್ಲಿ ಬರೆಯಲು ಒಂದು ಕಪ್ಪು ಹಲಗೆಯನ್ನೂ ಹಾಕಿಸಿ.

ಘಟ್ಟದಲ್ಲಿ ಬೇರೆಯದೇ ಲೆಕ್ಕ. ದಾಂಡೇಲಿಯ ಸುತ್ತ ಕಾಳಿ ಹೊಳೆಯ ಹಾಸುಬಂಡೆಗಳ ಮೇಲೆ ಟೆಂಟ್ ಹಾಕಿದ ಚಿತ್ರಗಳು ಮೊಬೈಲಿನಲ್ಲಿ ಓಡಾಡುತ್ತವೆ, ನೋಡಿದವರು ಅಲ್ಲಿಗೇ ಹೋಗುತ್ತಾರೆ. ಮೇಲೆ ಸೂಪಾ ಆಣೆಕಟ್ಟು ಇದೆ. ವಿದ್ಯುತ್ ಬೇಡಿಕೆ ನೋಡಿ ಗಣೇಶಗುಡಿಯಲ್ಲಿ ನೀರು ಬಿಡುತ್ತಾರೆ. ಮೋಡದ ಚೂರೂ ಇಲ್ಲದ ದಿನವೂ ಕೆಳಗೆ ಹೊಳೆ ಏರುತ್ತದೆ. ಮೊಸಳೆಗಳೂ ಇವೆ. ಹೊಳೆಯ ದಂಡೆಯಲ್ಲಿ ಹಳೆಯ ಪ್ರವಾಹದ ಕಸ ಗಿಡಗಳಿಗೆ ಸಿಕ್ಕಿಕೊಂಡಿರುವ ಎತ್ತರಕ್ಕಿಂತ ಮೇಲೆ ಮಾತ್ರ ಟೆಂಟ್ ಎಂಬ ನಿಯಮ ಬೇಕು. ಅರಣ್ಯ ಇಲಾಖೆಯ ಕುಳಗಿ ಶಿಬಿರ ದಾಂಡೇಲಿಯ ಹತ್ತಿರವೇ ಇದೆ, ಟೆಂಟುಗಳೂ ಅಲ್ಲಿವೆ. ಸ್ವಂತ ಟೆಂಟ್ ತಂದವರಿಗೆ ಅದರ ಬೇಲಿಯೊಳಗೆ ಹತ್ತು ಜಾಗ ಬಿಟ್ಟುಕೊಟ್ಟರೆ ಹೊಸ ಕಟ್ಟಡವೇ ಬೇಡ.

ಯಾಣದಲ್ಲಿ ಬೇಡ. ಆ ಕರಿಬಂಡೆಗಳಿಗೆ ಹೆಜ್ಜೇನು ಕಟ್ಟುತ್ತದೆ. ಬುಡದಲ್ಲಿ ಹೊಗೆ ಎಬ್ಬಿಸಿದರೆ, ಟಾರ್ಚಿನ ಬೆಳಕು ಹಾಯಿಸಿದರೆ ಹುಟ್ಟು ಕೆರಳುತ್ತದೆ. ಕಲಘಟಗಿ, ಹಳಿಯಾಳ, ಮುಂಡಗೋಡ ಕಡೆ ಭತ್ತ, ಕಬ್ಬು ಕೊಯ್ಲಿನ ಕಾಲಕ್ಕೆ ಆನೆಗಳು ಇಳಿಯುತ್ತವೆ, ಕಾಡಂಚಿನ ಗದ್ದೆಯ ಬದುವಿನಲ್ಲಿ ಆ ತಿಂಗಳುಗಳಲ್ಲಿ ಯಾರಿಗೂ ಅನುಮತಿ ಕೊಡಬಾರದು. ಉಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ಅಷ್ಟೇ. ಉಣ್ಣೆ ಕಚ್ಚುವುದು ಬೇರೆ ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರ ಕಡೆಯೂ ಇದೆ. ಡಿಸೆಂಬರಿನಿಂದ ಮೇವರೆಗೆ, ನಮ್ಮ ಟೆಂಟಿನ ಕಾಲದಲ್ಲೇ, ಎಳ್ಳುಕಾಳಿನಷ್ಟು ಸಣ್ಣ ಉಣ್ಣೆಮರಿ ಒಣ ತರಗೆಲೆಯಲ್ಲಿ ಕಾದಿರುತ್ತದೆ. ತರಗೆಲೆ ಗುಡಿಸಿದ ನೆಲ, ಮೈಗೆ ಉಣ್ಣೆ ಹತ್ತದಂತೆ ಹಚ್ಚುವ ಡೇಪಾ ತೈಲ, ಬೆಳಿಗ್ಗೆ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ತಡವಿ ನೋಡುವುದು, ಇವಿಷ್ಟು ಕಾಯಂ ಆಗಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಊರಿಗೆ ಮರಳಿ ವಾರ, ಹತ್ತು ದಿನದೊಳಗೆ ಜ್ವರ ಬಂದರೆ ಹುಬ್ಬಳ್ಳಿಯ ಡಾಕ್ಟರಿಗೆ "ಕಾಡಿನಲ್ಲಿ ಮಲಗಿದ್ದೆ" ಎಂದು ಮೊದಲು ಹೇಳಬೇಕು, ಕೇಳದೆ ಅವರಿಗೆ ಹೊಳೆಯುವುದಿಲ್ಲ. ಟಿಕೆಟಿನ ಹಿಂಬದಿಯಲ್ಲಿ ಇಷ್ಟನ್ನು ಮುದ್ರಿಸಲು ಜಾಗವಿದೆ.

ಎಲ್ಲರೂ ಘಟ್ಟ ಇಳಿಯಲೇಬೇಕೆಂದಿಲ್ಲ. ಗದಗಿನಿಂದ ಒಂದು ತಾಸಿನೊಳಗೆ ಕಪ್ಪತಗುಡ್ಡ ಇದೆ. ಶ್ರಾವಣದಿಂದ ದೀಪಾವಳಿಯವರೆಗೆ ಅದರ ಹಸಿರು, ಗಾಳಿ ನೋಡಿದವರಿಗೆ ಬೇರೆ ಗುಡ್ಡ ಬೇಕೆನಿಸುವುದಿಲ್ಲ. 2019ರಲ್ಲಿ ಅದರ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. 1972ರ ಕಾಯ್ದೆಯ ಪ್ರಕಾರ ಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಸರಿಯಾದದ್ದೇ, ತೋಳ, ಕತ್ತೆಕಿರುಬ ಉಳಿದಿರುವ ಜಾಗ ಅದು. ಗುಡ್ಡದ ಮೇಲೆ ಟೆಂಟ್ ನಾವು ಕೇಳುತ್ತಿಲ್ಲ. ಡೋಣಿ, ಡಂಬಳದ ಕಡೆ, ಧಾಮದ ಗಡಿಯ ಹೊರಗಿನ ಕಂದಾಯ ಭೂಮಿಯಲ್ಲಿ ಇಪ್ಪತ್ತು ಗುಂಟೆ ಸಿಕ್ಕರೆ ರಾತ್ರಿ ಕೆಳಗೆ ಮಲಗಿ, ಬೆಳಿಗ್ಗೆ ಇಲಾಖೆಯ ಗೈಡಿನ ಜೊತೆ ಮೇಲೆ ಹೋಗಬಹುದು. ಡಂಬಳದ ದೊಡ್ಡಬಸಪ್ಪನ ಗುಡಿಯನ್ನೂ ನೋಡಿದಂತಾಗುತ್ತದೆ.

ಜಾಗ ಆರಿಸುವಾಗ ಒಂದು ಸೂಕ್ಷ್ಮ: ಮಸಾರಿ (ಕೆಂಪು ಮಣ್ಣಿನ) ನೆಲವನ್ನೇ ಆರಿಸಿ. ಎರೆ (ಕಪ್ಪು ಮಣ್ಣಿನ) ನೆಲ ಬೇಸಿಗೆಯಲ್ಲಿ ಬಿರಿದು ಗೂಟ ಬಿರುಕಿನಲ್ಲಿ ಮಾಯವಾಗುತ್ತದೆ, ಒಂದು ಅಡ್ಡಮಳೆ ಬಿದ್ದರೆ ಅಂಟಾಗಿ ಗಾಡಿಯ ಗಾಲಿ ಹೂತು ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಶಿವರಾತ್ರಿ ದಾಟಿದ ಮೇಲೆ ಕಪ್ಪತಗುಡ್ಡದ ಹುಲ್ಲು ಒಂದು ಬೀಡಿಗೆ ಎಕರೆಗಟ್ಟಲೆ ಉರಿಯುತ್ತದೆ. ಜಾಗದ ಸುತ್ತ ಇಪ್ಪತ್ತು ಅಡಿ ಅಗಲ ಹುಲ್ಲು ಕೆತ್ತಿದ ಪಟ್ಟಿ, ಚಪ್ಪರದಲ್ಲಿ ಎರಡು ಬ್ಯಾರಲ್ ನೀರು, ಹತ್ತು ಹಸಿ ಗೋಣಿಚೀಲ ಇರಲೇಬೇಕು. ಮಾರ್ಚಿನಿಂದ ಮೊದಲ ಮಳೆಯವರೆಗೆ ಅಲ್ಲಿ ಕಟ್ಟಿಗೆ ಬೆಂಕಿಗೆ ಪೂರ್ತಿ ನಿಷೇಧ ಹಾಕಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಟೆಂಟ್ ಆಸರೆಯಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವುದರೊಳಗೆ ಸದ್ದು ಬಂದರೆ ಗಾಡಿಯೊಳಗೆ ಕೂತು ಗಾಜು ಏರಿಸಿಕೊಳ್ಳಬೇಕು.

ಹಾವೇರಿ ಜಿಲ್ಲೆಯಲ್ಲಿ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಹತ್ತಿರ, ತುಂಗಭದ್ರೆಯಿಂದ ಸಾಕಷ್ಟು ಹಿಂದೆ ಒಂದು ಜಾಗ ನೋಡಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯನ್ನು ಮಾತ್ರ ಯಾರೇ ಸೂಚಿಸಿದರೂ ಒಪ್ಪಬೇಡಿ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಬೀಡು ಬಿಡುತ್ತವೆ, 2024ರಲ್ಲಿ ಅದು ರಾಮ್ಸಾರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಗಿದೆ. ನಸುಕಿನಲ್ಲಿ ಹೋಗಿ, ದೂರದಿಂದ ನೋಡಿ ಬರುವ ಜಾಗ ಅದು.

ನಮ್ಮವರ ಹುಳುಕನ್ನೂ ಮುಚ್ಚಿಡುವುದಿಲ್ಲ. ಬಾಟಲಿ ಒಡೆದು ಮರಳಲ್ಲಿ ಹೂತು ಬರುವವರು, ಹಸಿ ಮರ ಕಡಿಯುವವರು, ಎರಡು ಸ್ಪೀಕರ್ ಹೊತ್ತು ತರುವವರು ನಮ್ಮ ನಡುವೆಯೇ ಇದ್ದಾರೆ. ಟೆಂಟಿಗೆ 150 ರೂಪಾಯಿ ಬಾಡಿಗೆ, 300 ಠೇವಣಿ ಇಡಿಸಿಕೊಳ್ಳಿ. ಬೆಳಿಗ್ಗೆ ಜಾಗ ತೋರಿಸಿ, ಕಸದ ಚೀಲ ಒಪ್ಪಿಸಿದವರಿಗಷ್ಟೇ ಠೇವಣಿ ವಾಪಸು. ಗಾಜಿನ ಬಾಟಲಿ ಗೇಟಿನಲ್ಲೇ ನಿಲ್ಲಲಿ. ಹತ್ತು ಗಂಟೆಯ ಮೇಲೆ ಸದ್ದು ಬೇಡ. ಕಟ್ಟಿಗೆ ಬೆಂಕಿ ಬೇಕೆಂದರೆ ನೆಲದ ಮೇಲಲ್ಲ, ಕಾಲಿರುವ ಕಬ್ಬಿಣದ ಬಾಣಲೆಯಲ್ಲಿ, ಕೊಂಡ ಕಟ್ಟಿಗೆಯಲ್ಲಿ. ನಿಭಾಯಿಸಲು ಆ ಊರಿನ ಸ್ತ್ರೀಶಕ್ತಿ ಸಂಘವನ್ನೋ ಮೀನುಗಾರರ ಸಂಘವನ್ನೋ ಆರಿಸಿ. ಬೆಳಗಿನ ಅವಲಕ್ಕಿ, ಚಹಾ ಅವರೇ ಮಾರಲಿ. ಟೆಂಡರು ಕರೆದರೆ ಎರಡೇ ವರ್ಷಕ್ಕೆ ಅಲ್ಲಿ ಕಾಟೇಜು ಎದ್ದಿರುತ್ತದೆ, ಬಾಡಿಗೆ ಮೂರು ಸಾವಿರ ಆಗಿರುತ್ತದೆ. ಬುಕಿಂಗಿಗೆ ಹೊಸ ಆ್ಯಪ್ ಮಾಡಿಸಬೇಡಿ. ಚಾರಣಕ್ಕೆ ಟಿಕೆಟ್ ಕೊಡುವ ಅರಣ್ಯ ವಿಹಾರ ಜಾಲತಾಣದಲ್ಲಿ ಇನ್ನೊಂದು ಸಾಲು ಸೇರಿಸಿದರೆ ಆಯಿತು. ಇಪ್ಪತ್ತು ತುಂಬಿದ ಮೇಲೆ ಇಪ್ಪತ್ತೊಂದನೆಯವರು ಯಾರ ಚೀಟಿ ತಂದರೂ ಗೇಟು ತೆರೆಯಕೂಡದು. ಜೂನಿನಿಂದ ಸೆಪ್ಟೆಂಬರವರೆಗೆ ಕರಾವಳಿ, ಘಟ್ಟದ ಜಾಗಗಳು ಬೀಗ ಹಾಕಿರಲಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಕಾರಣ ವಿವರಿಸಬೇಕಿಲ್ಲ.

ಈ ಪತ್ರವನ್ನು ಕಡತಕ್ಕೆ ಸೇರಿಸುವ ಮೊದಲು ಒಂದು ಕೆಲಸ ಮಾಡಿ. ಮಳೆಗಾಲ ಮುಗಿದ ಮೇಲೆ ಬರುವ ಯಾವುದಾದರೂ ಹುಣ್ಣಿಮೆಯ ದಿನ ಸಂಜೆ ಆರಕ್ಕೆ ಅಂಕೋಲಾದ ದಂಡೆಗೆ ಬನ್ನಿ. ಬರುವಾಗ ಒಂದು ಬಿದಿರು ಗಳ ತನ್ನಿ. ನಿಮಗೆ ಎಲ್ಲಿ ಟೆಂಟ್ ಹಾಕಬೇಕೆನಿಸುತ್ತದೋ ಅಲ್ಲಿ ಗಳ ನೆಟ್ಟು, ಮೇಲೆ ರಸ್ತೆಯ ಕಡೆ ಬಂದು ಕೂತುಕೊಳ್ಳಿ. ರೊಟ್ಟಿ, ಹಿಂಡಿ ನಾವು ತರುತ್ತೇವೆ. ಹನ್ನೆರಡು ಗಂಟೆಗೆ ಟಾರ್ಚ್ ಹಿಡಿದು ಗಳ ಎಲ್ಲಿದೆ ನೋಡೋಣ. ಆಮೇಲೆ ಅಳತೆಪಟ್ಟಿ ಹಿಡಿದು ಗಾಳಿಮರದ ಹಿಂದೆ ಹೋಗೋಣ.

ಇಂತಿ ತಮ್ಮ ವಿಶ್ವಾಸಿಗಳು,
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಟೆಂಟಿನ ಮಂದಿ